ಸೊಸೆಯ ಪಾಲಿನ ಕಲ್ಲು

ಮಗ ತೀರಿಕೊಂಡ ಮೇಲೆ ಅತ್ತೆ ಹೊಲಿಗೆ ಯಂತ್ರದ ಮುಸುಕು ತೆಗೆದಿರಲಿಲ್ಲ. ಅವನ ಅಂಗಿಗೆಂದು ತಂದಿದ್ದ ಬಟ್ಟೆ ಮಡಿಕೆ ಬಿಚ್ಚದೆ ಪಕ್ಕದಲ್ಲೇ ಬಿದ್ದಿತ್ತು. ಬೆಳಿಗ್ಗೆ ದೇವರ ಮುಂದೆ ಕೂರುವುದು, ಸಂಜೆ ಕಿಟಕಿಯಲ್ಲಿ ಸೊಸೆಯ ದಾರಿ ಕಾಯುವುದು, ಇಷ್ಟೇ ಅವರ ದಿನಚರಿ. ಕಟ್ಟಡಕ್ಕೆ ಯಾವ ಸಾಮಾನು ಎಷ್ಟು ಬೇಕೆಂದು ಲೆಕ್ಕ ಹಾಕಿ ತರಿಸುವುದು ಸೊಸೆಯ ಕೆಲಸ. ಯಾರಾದರೂ ಕೇಳಿದರೆ ಅತ್ತೆ, "ಅದೇನೋ ಇಟ್ಟಿಗೆ ಎಣಿಸ್ತಾಳಂತೆ" ಎಂದು ಮಾತು ಮುಗಿಸುತ್ತಿದ್ದರು.

ಆ ದಿನ ಸೊಸೆ ತಿಂಡಿಯನ್ನೂ ಮುಟ್ಟದೆ ಓಡಿದ್ದಳು. ಹೊಸ ಆಸ್ಪತ್ರೆಯ ತಾರಸಿಗೆ ಕೊನೆಯ ಮೋಲ್ಡ್ ಹಾಕುವ ದಿನ ಅದು. ಹಸಿದುಕೊಂಡು ಬಿಸಿಲಲ್ಲಿ ನಿಂತಿರುತ್ತಾಳೆಂದು ಅತ್ತೆ ತಿಂಡಿ ಬಿಸಿ ಮಾಡಿದರು. ಡಬ್ಬಿ ಕಟ್ಟಿಕೊಂಡು ತಾವೇ ಹೊರಟರು.

ಗೇಟಿನ ಬಳಿ ನೆರಳಲ್ಲಿ ಕಾಂಕ್ರೀಟಿನ ದಿಮ್ಮಿಗಳು ಸಾಲಾಗಿ ಬಿದ್ದಿದ್ದವು. ಮೇಸ್ತ್ರಿ ಒಂದನ್ನು ಒರೆಸಿ ಅತ್ತೆಯನ್ನು ಕೂರಿಸಿದ.

"ಹುಷಾರಮ್ಮ, ಅದು ಹಳೇ ಸಾಹೇಬ್ರ ಕುರ್ಚಿ."

"ಅವರು ಬಂದ್ರೆ ಎದ್ದೇಳ್ತೀನಪ್ಪ."

"ಅವರೆಲ್ಲಿ ಬರ್ತಾರೆ! ಮೇಡಂಗಿಂತ ಮುಂಚೆ ಲೆಕ್ಕ ಹಾಕ್ತಿದ್ದೋರು. ಬೇಕಾದ್ದಕ್ಕಿಂತ ಜಾಸ್ತಿ ಕಾಂಕ್ರೀಟ್ ತರಿಸಿದ್ರು, ಉಳಿದದ್ದು ಕಲ್ಲಾಯ್ತು. ಯಾರು ಉಳಿಸಿದ್ರೋ ಅವರ ಹೆಸರಲ್ಲಿ ಒಂದು ಕುರ್ಚಿ. ಆ ಕಡೇದು ಸೋಫಾ. ಅದರ ಯಜಮಾನ್ರು ಕೆಲಸಾನೇ ಬಿಟ್ಟು ಓಡಿದ್ರು."

"ನಮ್ಮ ಹುಡುಗೀದು ಯಾವುದು?"

"ಇವತ್ತು ಗೊತ್ತಾಗುತ್ತೆ. ಕೊನೇ ಲಾರಿ ಎಷ್ಟು ತುಂಬಿಸ್ಬೇಕು ಅಂತ ಮೇಡಂ ಒಬ್ಬರೇ ಹೇಳ್ತಿರೋದು ಇದೇ ಮೊದಲು. ಉಳಿದ್ರೆ ನಗೋದು, ಅಷ್ಟೇ. ಕಮ್ಮಿ ಬಿದ್ರೆ ಮಾತ್ರ ಕಷ್ಟ. ಆ ಲಾರಿ ಆದ್ಮೇಲೆ ಕಾಂಕ್ರೀಟ್ ಕಲಸೋರು ಬಾಗಿಲು ಹಾಕ್ತಾರೆ. ನಾಳೆ ತಂದು ಸೇರಿಸಿದ್ರೆ ಬೆಸುಗೆ ಕೂರಲ್ಲ, ನೀರು ಇಳಿಯುತ್ತೆ. ಕೆಳಗಡೆ ಆಪರೇಷನ್ ಕೋಣೆ ಬೇರೆ. ಹಂಗಾದ್ರೆ ಈ ಜಾಗಕ್ಕೆ ಬೇರೆಯವರನ್ನ ಕರೆಸ್ತಾರೆ."

ಅತ್ತೆ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು. ಅಷ್ಟರಲ್ಲಿ ಸೊಸೆಯೇ ಮೇಲಿನಿಂದ ಇಳಿದು ಬಂದಳು. ಹಿಂದೆಯೇ ಇಂಜಿನಿಯರ್.

"ಡ್ರಾಯಿಂಗ್ ಪ್ರಕಾರ ನಾಲ್ಕು ಘನ ಮೀಟರ್ ಸಾಕು ಮೇಡಂ," ಎಂದ ಅವನು.

"ಪೂರ್ತಿ ಲಾರಿ ಹೇಳ್ಬಿಡಿ, ಆರು," ಎಂದ ಮೇಸ್ತ್ರಿ. "ನಿಮಗೂ ಒಂದು ಕುರ್ಚಿ ಆಗ್ಲಿ."

ಸೊಸೆ ಟೇಪ್ ಕೈಗೆತ್ತಿಕೊಂಡಳು. ಮೋಲ್ಡಿನ ಅಡಿಗೆ ಬಗ್ಗಿ ಹೋಗಿ, ಮೇಲಿನ ಭಾರ ಹೊತ್ತ ಹಲಗೆಗಳ ಕೆಳಗೆ ದಾರ ಎಳೆದು ನೋಡಿದಳು. ನಡುವೆ ಹಲಗೆ ತುಸು ಜಗ್ಗಿತ್ತು. ಮತ್ತೆ ಮೇಲೆ ಹತ್ತಿ, ಖಾಲಿ ಉಳಿದಿದ್ದ ಮೂಲೆಯ ಉದ್ದಗಲ ಅಳೆದಳು. ಕೆಳಗೆ ಬಂದವಳೇ ಫೋನಿನಲ್ಲಿ, "ಐದು ಕಳಿಸಿ," ಎಂದಳು.

ಅತ್ತೆ ಆ ಮುಖವನ್ನೇ ನೋಡುತ್ತ ಕೂತರು. ಬೆಲೆಬಾಳುವ ಬಟ್ಟೆ ಹಾಸಿ ಕತ್ತರಿ ಎತ್ತಿದಾಗ ತಮ್ಮ ಮುಖವೂ ಹೀಗೇ ಬಿಗಿಯುತ್ತಿತ್ತು. ಕತ್ತರಿ ಇಳಿದ ಮೇಲೆ ಹಿಂದಿರುಗುವಂತಿಲ್ಲ.

"ನಾಲ್ಕು ಅಂದಿದ್ನಲ್ಲ ಆ ಹುಡುಗ?" ಎಂದರು ಡಬ್ಬಿ ಬಿಚ್ಚುತ್ತ.

"ಅವರ ಲೆಕ್ಕ ಸರೀನೇ ಅತ್ತೆ. ಆದರೆ ಹಲಗೆ ಜಗ್ಗಿದ ಕಡೆ ಹೆಚ್ಚು ಹಿಡಿಯುತ್ತೆ. ಮೇಲಕ್ಕೆ ತಳ್ಳೋ ಪೈಪೂ ತನ್ನ ಹೊಟ್ಟೇಲಿ ಒಂದಷ್ಟು ಇಟ್ಕೊಳ್ಳುತ್ತೆ. ಅದಕ್ಕೆ ಊಟ ಹಾಕದೆ ನಮ್ಮ ಮೋಲ್ಡ್ ತುಂಬಲ್ಲ."

"ಇದನ್ನೆಲ್ಲ ಎಲ್ಲಿ ಕಲಿತೆ?"

"ಮೊದಲು ಟೇಪ್ ಹಿಡಿದೆ. ಆಮೇಲೆ ಉಗ್ರಾಣ ನೋಡ್ಕೊಂಡೆ, ಆಮೇಲೆ ಡ್ರಾಯಿಂಗ್ ಓದಿ ಲೆಕ್ಕ ತೆಗೆಯೋದು ಬಂತು. ಈ ಆಸ್ಪತ್ರೆ ಶುರುವಾದ್ರೆ ಔಷಧಿಗೂ ನನ್ನಂಥವರು ಒಬ್ಬರು ಬೇಕು. ಕಮ್ಮಿ ತರಿಸಿದ್ರೆ ರೋಗಿಗಿಲ್ಲ, ಜಾಸ್ತಿ ತರಿಸಿದ್ರೆ ತಾರೀಕು ದಾಟುತ್ತೆ. ಹಡಗಿಗೂ ಬೇಕು, ಹೋಟ್ಲಿಗೂ ಬೇಕು."

"ಹೊಲಿಗೆಗೆ?"

"ಅದಕ್ಕೆ ನೀವಿದ್ದೀರಲ್ಲ."

ಮುಸುಕು ಹೊದ್ದ ಯಂತ್ರ ಅತ್ತೆಯ ಕಣ್ಣ ಮುಂದೆ ಬಂತು.

ಲಾರಿ ಬಂತು. ಪಂಪ್ ಗುಡುಗಿತು. ಮೂಲೆ ತುಂಬುತ್ತ ತುಂಬುತ್ತ ಬಂದು, ಇನ್ನೊಂದು ಚಾಪೆಯಷ್ಟು ಜಾಗ ಉಳಿದಿರುವಾಗ ಪೈಪ್ ಕೆಮ್ಮತೊಡಗಿತು. ಅತ್ತೆ ಕಣ್ಣು ಮುಚ್ಚಿದರು. ಮಗ ಹೋದಂದಿನಿಂದ ದೇವರ ಮುಂದೆ ಕೂತಿದ್ದರೇ ಹೊರತು ಏನನ್ನೂ ಬೇಡಿರಲಿಲ್ಲ. ಈಗ ಬೇಡಿದರು. ತಂದೆ, ಈ ಹುಡುಗಿಯ ಮಾತು ಉಳಿಸು.

ಮೇಲಿನಿಂದ ಕೇಕೆ ಕೇಳಿತು. "ಮುಟ್ಟಿತು! ಮೂಲೆಗೂ ಮುಟ್ಟಿತು!"

ಲಾರಿಯ ತಳದಲ್ಲಿ ಉಳಿದದ್ದು ಒಂದು ಬೋಗುಣಿಯಷ್ಟು. ಮೇಸ್ತ್ರಿ ಅದನ್ನು ಒಡಕು ಬೋಗುಣಿಗೆ ಸುರಿದು ಸೊಸೆಯ ಮುಂದಿಟ್ಟ. "ತಗೊಳ್ಳಿ ಮೇಡಂ, ನಿಮ್ಮ ಕುರ್ಚಿ. ಇದರ ಮೇಲೆ ಇಲಿ ಕೂರಬೇಕು ಅಷ್ಟೇ!"

"ನನಗೆ ಕೊಡಪ್ಪ," ಎಂದರು ಅತ್ತೆ.

ಕಲ್ಲು ಗಟ್ಟಿಯಾದ ಮೇಲೆ ಸೊಸೆ ಅದನ್ನು ಮನೆಗೆ ತಂದಳು. ಮರುದಿನ ಅವಳು ಕೆಲಸದಿಂದ ಬರುವಾಗ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದಳು. ಯಂತ್ರದ ಮುಸುಕು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಮೇಜಿನ ಮೇಲೆ ಬಟ್ಟೆ ಹಾಸಿತ್ತು. ಗಾಳಿಗೆ ಏಳದಂತೆ ಅದರ ಅಂಚಿಗೆ ಆ ಕಲ್ಲು.

"ಬಾ ಇಲ್ಲಿ, ತೋಳು ನೀಡು."

"ಅತ್ತೆ, ಇದು ಅವರ ಅಂಗೀದಲ್ವಾ?"

ಅತ್ತೆ ಅಳತೆ ಪಟ್ಟಿ ಅವಳ ಭುಜಕ್ಕೆ ಒತ್ತಿ ಹಿಡಿದರು. "ನಿನಗೊಂದು ಅಂಗಿ ಆಗುತ್ತೆ. ಟೇಪ್ ಇಟ್ಕೊಳ್ಳೋಕೆ ಜೇಬೂ ಬರುತ್ತೆ. ಬಟ್ಟೆ ಅಳತೆ ನೋಡೇ ಹೇಳ್ತಿದ್ದೀನಿ."