ಇಳಿಸೆಂದ ದನಿ

ಬಂಗಲೆಯ ಜಗಲಿಯಲ್ಲಿ ಅವು ಒಂಬತ್ತೂ ಸಾಲಾಗಿ ಗೋಡೆಗೊರಗಿ ನಿಂತಿದ್ದವು, ಮಾಂಸವೆಲ್ಲ ಕರಗಿ ಪಕ್ಕೆಲುಬು ಮಾತ್ರ ಉಳಿದ ಎತ್ತುಗಳ ಹಾಗೆ. ಎರಕದ ಕಬ್ಬಿಣದ ರೇಡಿಯೇಟರುಗಳು. ಒಳಗೆ ಬಿಸಿನೀರು ಹರಿಸಿದರೆ ಕೋಣೆ ಬೆಚ್ಚಗಾಗುತ್ತದೆ. ಬೆಟ್ಟದ ಮೇಲಿನ ಆ ಊರಿನ ಚಳಿಗೆಂದು ಹಿಂದಿನವರು ಹಾಕಿಸಿದ್ದವು ತುಕ್ಕು ಹಿಡಿದಿದ್ದರಿಂದ, ಮನೆಯೊಡತಿ ಅದೇ ಹಳೆಯ ಮಾದರಿಯವೇ ಬೇಕೆಂದು ಹಟ ಹಿಡಿದು ತರಿಸಿದ್ದರು. ನಾನು ಗುತ್ತಿಗೆದಾರರ ಕಡೆಯ ಮೇಲ್ವಿಚಾರಕ. ಬಿ.ಎ. ಮುಗಿಸಿದ್ದೆ, ಅಳತೆಪಟ್ಟಿ ಹಿಡಿಯುತ್ತಿದ್ದೆ, ಉಳಿದ ಹೊತ್ತೆಲ್ಲ ಬಾಯಿ ಹರಿಬಿಡುತ್ತಿದ್ದೆ.

ಎರಕದ ಕಬ್ಬಿಣಕ್ಕೆ ಆಳುಗಳು ಬೀಡು ಎನ್ನುತ್ತಿದ್ದರು. "ಬೀಡು ಅಂದ್ರೆ ಬೀಡಿ ಅಲ್ಲ ಕಣ್ರೋ, ಎರಡು ಬೆರಳಲ್ಲಿ ಹಿಡಿಯೋಕೆ!" ಎಂದರೆ ಸಾಕು, ನಗುತ್ತಿದ್ದರು. ಮನೆಯೊಡತಿಯ ಮೂಗಿನ ದನಿಯಲ್ಲಿ "ಅಯ್ಯೋ, ನನ್ ಗೋಡೆ, ನನ್ ಗೋಡೆ" ಎಂದು ಕೂಗಿದರೆ ಪುಟ್ಟನಂಜ ಹೊಟ್ಟೆ ಹಿಡಿದುಕೊಂಡು ಕೂತುಬಿಡುತ್ತಿದ್ದ. "ಇನ್ನೊಂದ್ಸಲ ಅಮ್ಮಾವ್ರುದ್ದು ಮಾಡಿ ಸಾಮಿ!" ಅವನು ಆ ಆಳುಗಳ ಮೇಸ್ತ್ರಿ ದೊರೆಸ್ವಾಮಿಯ ಹೆಂಡತಿಯ ತಮ್ಮ. ಎಲ್ಲರ ದನಿಯನ್ನೂ ಮಾಡಿದ್ದೆ, ಮೇಸ್ತ್ರಿಯದೊಂದನ್ನು ಬಿಟ್ಟು. ಅದನ್ನು ನನ್ನ ಕೋಣೆಯಲ್ಲಿ ಒಬ್ಬನೇ ಪಳಗಿಸುತ್ತಿದ್ದೆ. ಇನ್ನೂ ಹದಕ್ಕೆ ಬಂದಿರಲಿಲ್ಲ.

ಅವರ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ನಾಲ್ವರು ಹಗ್ಗ ಬಿಗಿದು, ಬೊಂಬಿಗೆ ಹೆಗಲು ಕೊಟ್ಟು ರೇಡಿಯೇಟರನ್ನು ನೆಲದಿಂದ ಗೇಣೆತ್ತರ ಎತ್ತಿ ಹಿಡಿಯುತ್ತಿದ್ದರು. ಗೋಡೆಯ ಕೊಳವೆಗೆ ಅದರ ಬಾಯಿ ಸರಿಯಾಗಿ ಕೂರುವವರೆಗೆ ಪುಟ್ಟನಂಜ ಅದರ ಕಾಲಡಿಗೆ ಮರದ ಬಿಲ್ಲೆಗಳನ್ನು ತೂರಿಸುತ್ತಿದ್ದ. ಮೇಸ್ತ್ರಿ "ಇಳ್ಸ್ರಪ್ಪಾ" ಎನ್ನದೆ ಯಾರೂ ಇಳಿಸುವಂತಿಲ್ಲ. "ಹೊತ್ಕೊಂಡಾಗ ನಮಗೆ ಏನೂ ಕಾಣಲ್ಲ ಸಾಮಿ. ಕಿವಿಯೊಂದೇ," ಎಂದು ಹೊರುವವರಲ್ಲೊಬ್ಬನಾದ ಕೆಂಪಯ್ಯ ಒಮ್ಮೆ ಹೇಳಿದ್ದ.

ಆರನೆಯದನ್ನು ಓದುವ ಕೋಣೆಯಲ್ಲಿ ಕೂರಿಸುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಅಳತೆ ಬರೆಯುತ್ತಿದ್ದೆ. ತೆರೆದ ಬಾಗಿಲಲ್ಲಿ ಬಗ್ಗಿದ ಬೆನ್ನುಗಳಷ್ಟೇ ಕಾಣುತ್ತಿದ್ದವು. ಆ ಸಲ ಬಹಳ ಹೊತ್ತಾಯಿತು, ಅವರ ಮೊಣಕಾಲು ನಡುಗತೊಡಗಿದವು. ಇವರು ಇಳಿಸಹೊರಡುತ್ತಾರೆ, ಮೇಸ್ತ್ರಿ ಬೈಯುತ್ತಾರೆ, ಆಮೇಲೆ ಎಲ್ಲರೂ ನಗುತ್ತೇವೆ, ಅಷ್ಟೇ ಎಂದುಕೊಂಡೆ. ಮೇಸ್ತ್ರಿಯ ಆ ಕಫ ಕಟ್ಟಿದ ಗಂಟಲು, ಕೊನೆಯಲ್ಲಿ ಒಂದಿಷ್ಟು ಎಳೆತ.

"ಇಳ್ಸ್ರಪ್ಪಾ."

ಅಷ್ಟು ಚೆನ್ನಾಗಿ ಅದು ನನ್ನ ಬಾಯಲ್ಲಿ ಎಂದೂ ಬಂದಿರಲಿಲ್ಲ.

ಪುಟ್ಟನಂಜನ ಕಿರುಚಾಟ ಕೇಳಿ ಓಡಿದೆ. ಅವನ ಬಲಗೈ ಕಬ್ಬಿಣದ ಕಾಲಡಿಯಲ್ಲಿತ್ತು. ಎತ್ತಿ ಬಿಡಿಸಿದರು. ಕೊಳವೆಯ ಪಕ್ಕ ಮಂಡಿಯೂರಿದ್ದ ಮೇಸ್ತ್ರಿ ಬಿಳಿಚಿಕೊಂಡಿದ್ದರು.

"ನಾನೆಲ್ಲಿ ಇಳ್ಸಿ ಅಂದೆ?"

"ಅಂದ್ರಿ ಮೇಸ್ತ್ರಿ. ನಾಲ್ಕೂ ಜನ ಕೇಳಿದ್ವಿ," ಎಂದ ಕೆಂಪಯ್ಯ.

ನಾನು ಸುಮ್ಮನಿದ್ದೆ. ಮೊದಲ ನಿಮಿಷ ಹೆದರಿಕೆಯಿಂದ. ಆಮೇಲೆ, ಒಂದು ನಿಮಿಷ ಸುಮ್ಮನಿದ್ದುಬಿಟ್ಟೆನಲ್ಲ ಎಂಬ ಕಾರಣದಿಂದ.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ನಾಲ್ಕನೆಯ ದಿನ ಮೇಸ್ತ್ರಿ ಬಂದು ಜಗಲಿಯಲ್ಲಿ ಕೂತರು. ಮಿಕ್ಕ ಮೂರು ಪಕ್ಕೆಲುಬುಗೂಡುಗಳು ಮಂಜಿನಲ್ಲಿ ಬೆವರಿದಂತೆ ನಿಂತಿದ್ದವು.

"ಮೂವತ್ತು ವರ್ಷದಿಂದ ಅದನ್ನೇ ಹೇಳಿ ಹೇಳಿ, ನಾಲಿಗೆ ತಾನಾಗೇ ಆಡಿಬಿಡ್ತೇನೋ ಸಾಮಿ. ಅಂದಿರ್ಬೇಕು. ಮನೇಲಿ ಅವಳು ಮಾತೇ ಬಿಟ್ಟಿದಾಳೆ, ತಮ್ಮನ ಕೈ ಅಲ್ವಾ?"

"ಬಿಡಿ ಮೇಸ್ತ್ರಿ, ಆಗಿದ್ದಾಯ್ತು," ಎಂದೆ.

ಕೆಲಸಕ್ಕೆ ನಿಂತಾಗ ಅವರು "ಎತ್ರಪ್ಪಾ" ಎಂದರು. ಯಾರೂ ಬಗ್ಗಲಿಲ್ಲ. ಕೊನೆಗೆ ಕೆಂಪಯ್ಯ ನೆಲ ನೋಡುತ್ತ, "ತಪ್ಪು ತಿಳೀಬೇಡಿ. ಬೇರೆ ಯಾರಾದ್ರೂ ಹೇಳ್ಲಿ. ನಮಗೂ ಕೈ ಬೇಕಲ್ವಾ," ಎಂದ.

ಆಳುಗಳು ನಂಬದ ಮೇಲೆ ಮೇಸ್ತ್ರಿ ಮೇಸ್ತ್ರಿಯಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಸಾಮಿ ಹೇಳ್ಲಿ ಬಿಡು. ಓದಿದೋರು, ಬಾಯಿ ತಪ್ಪಲ್ಲ," ಎಂದು ದೊರೆಸ್ವಾಮಿ ತಾವೇ ಪುಟ್ಟನಂಜನ ಜಾಗದಲ್ಲಿ ನೆಲಕ್ಕೆ ಕೂತರು.

ನಾಲ್ವರೂ ಎತ್ತಿದರು. ಮೇಸ್ತ್ರಿಯ ಕೈ ಕಬ್ಬಿಣದಡಿ ಹೋಯಿತು, ಒಂದೊಂದಾಗಿ ಬಿಲ್ಲೆ ಸರಿಸಿತು, ಹೊರಗೆ ಬಂತು. "ಹೂಂ," ಎಂದು ನನ್ನತ್ತ ತಲೆಯಾಡಿಸಿದರು.

ಬಾಯಿ ತೆರೆದೆ. ಆ ಒಂದು ಮಾತಿಗೆ ನನ್ನ ಗಂಟಲಲ್ಲಿದ್ದದ್ದು ಒಂದೇ ದನಿ, ಮೇಸ್ತ್ರಿಯದು. ಬೇಕೆಂದೇ ಅಂದೆನೋ, ತಾನಾಗಿ ಬಂದುಬಿಟ್ಟಿತೋ, ಇಂದಿಗೂ ಹೇಳಲಾರೆ.

"ಇಳ್ಸ್ರಪ್ಪಾ."

ಯಾರೂ ಇಳಿಸಲಿಲ್ಲ. ಬಗ್ಗಿದ್ದ ನಾಲ್ಕು ತಲೆಗಳೂ ಮೆಲ್ಲಗೆ ನನ್ನ ಕಡೆ ತಿರುಗಿದವು. ಬೊಂಬು ಕಿರುಗುಟ್ಟಿತು. ಕೆಂಪಯ್ಯನ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿದ್ದರೂ ಅವನ ಹೆಗಲು ಅಲುಗಲಿಲ್ಲ. ಮೇಸ್ತ್ರಿ ಮಾತ್ರ ನನ್ನನ್ನು ನೋಡಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವುಗಳನ್ನೇ ನೋಡುತ್ತ ಕೂತಿದ್ದರು.

ಆಮೇಲೆ, ಪಿಸುಮಾತಿಗಿಂತ ಒಂದಿಷ್ಟೇ ಮೇಲೆ, "ಇಳ್ಸ್ರಪ್ಪಾ," ಎಂದರು.

ಅಷ್ಟು ದೊಡ್ಡ ಕಬ್ಬಿಣ ಒಂದು ಚೂರೂ ಸದ್ದಿಲ್ಲದೆ ನೆಲಕ್ಕೆ ಬಂತು.