ಗೊಂಬೆಗೆ ಬಾಯಿ ಕೊಟ್ಟವಳು

"ಆ ಮೂತಿ ಇಟ್ಕೊಂಡು ಬಾಗಿಲಲ್ಲಿ ನಿಂತ್ರೆ ಯಾವ ತಾಯಿ ತನ್ನ ಮಗೂನ ಒಳಗೆ ಬಿಡ್ತಾಳೆ, ಹೇಳು. ತಗೋ, ಹಾಕ್ಕೋ."

ಮ್ಯಾನೇಜರು ಎಸೆದ ನೀಲಿ ಮೇಲಂಗಿ ಅವಳ ಎದೆಗೆ ಬಡಿದು ಕಾಲ ಬಳಿ ಬಿತ್ತು. ನೆಲ ಒರೆಸುವ ಹೆಂಗಸಿನ ಅಂಗಿ ಅದು. ಆ ಹೆಂಗಸಿಗೆ ಇವತ್ತು ರಜೆ ಕೊಟ್ಟು ಕಳಿಸಿದ್ದರು. ತೋಳುಗಳಲ್ಲಿ ಇನ್ನೂ ಸೋಪಿನ ನೀರಿನ ವಾಸನೆ ಇತ್ತು.

"ಇದ್ಯಾಕೆ ಸರ್? ನಾನು ಕೋಣೆ ಬಿಟ್ಟು ಹೊರಗೇ ಬರಲ್ವಲ್ಲ."

"ಉಚ್ಚೆಗೆ ಹೋಗಲ್ವಾ? ದಾರೀಲಿ ಯಾರಾದ್ರೂ ನೋಡಿದ್ರೆ ಕಸದವಳು ಅಂದ್ಕೋಬೇಕು. ನಿಮ್ಮಮ್ಮ ಹಿಡಿಯೋ ಪೊರಕೆ ತಾನೆ, ನಿಂಗೇನು ಹೊಸದಾ?"

ಅವನೂ ಅವಳ ಭಾಷೆಯವನೇ. ಕಡಲಾಚೆಯ ಈ ಊರಿನಲ್ಲಿ ಕನ್ನಡ ಬಲ್ಲವರು ಇಬ್ಬರೇ, ಅವನು ಮತ್ತು ಅವಳು. ಬಂದ ದಿನ ಅವನ ಬಾಯಲ್ಲಿ ಕನ್ನಡ ಕೇಳಿ ಅವಳಿಗೆ ತವರಿನವರೇ ಸಿಕ್ಕ ಹಾಗಾಗಿತ್ತು. ಮಾರನೆಯ ದಿನ ಅವನು ಅವಳ ಕಾಗದಪತ್ರ ತಿರುವಿ, ಅಪ್ಪನ ಹೆಸರು ಓದಿ, ಕೇರಿಯ ಹೆಸರು ಓದಿ, ತಾನು ನೀರು ಕುಡಿಯುವ ಲೋಟವನ್ನು ಬೇರೆ ಕಪಾಟಿಗೆ ಎತ್ತಿಟ್ಟ. ಮನುಷ್ಯರಿಗೆ ವೀಸಾ ಬೇಕು, ಜಾತಿಗೆ ಬೇಕಿಲ್ಲ. ಅದು ನಮಗಿಂತ ಮೊದಲೇ ಬಂದು ಕುರ್ಚಿ ಹಾಕಿಕೊಂಡು ಕೂತಿರುತ್ತದೆ.

ಅವಳು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು. ಅವಳು ಓದಿದ ಕಾಲೇಜಿನಲ್ಲೇ ಅಮ್ಮ ಕಸ ಗುಡಿಸುತ್ತಿದ್ದಳು. ಮಗಳು ತರಗತಿಗೆ ಬರುವ ಮೊದಲೇ ಅವಳು ಕೂರುವ ಬೆಂಚನ್ನು ಅಮ್ಮ ಒರೆಸಿರುತ್ತಿದ್ದಳು. ಊರಿನಲ್ಲಿ ಎಲ್ಲೂ ಕೆಲಸ ಗಿಟ್ಟಲಿಲ್ಲ. ಏಜೆಂಟೊಬ್ಬ 'ಹೊರದೇಶದಲ್ಲಿ ಇಂಗ್ಲಿಷ್ ಟೀಚರು' ಎಂದಾಗ ಹಿಂದೆಮುಂದೆ ನೋಡದೆ ಹೊರಟುಬಿಟ್ಟಳು. ಅಮ್ಮ ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ಏನು ಟೀಚರಮ್ಮ, ಮಕ್ಕಳು ಹೇಳಿದ ಮಾತು ಕೇಳ್ತಾವಾ?"

ಮಕ್ಕಳು ಕೇಳುತ್ತಿದ್ದವು. ದಿನಕ್ಕೆ ಐದು ತರಗತಿ ಅವಳೇ ತೆಗೆದುಕೊಳ್ಳುತ್ತಿದ್ದಳು. ಅದನ್ನು ಮನೆಯಲ್ಲಿ ಹೇಳಬಾರದೆಂದು ಮಕ್ಕಳಿಗೆ ತಾಕೀತು ಮಾಡಿದ್ದರು. ಆದರೆ ಶಾಲೆಯ ಗೋಡೆಯ ಮೇಲಿನ ಆಳೆತ್ತರದ ಫೋಟೋ ಅವಳದಲ್ಲ, ಗೊಂಬೆಯದು. ಗೊಂಬೆ ಎಂದು ಅವಳೇ ಇಟ್ಟ ಹೆಸರು. ಚಿನ್ನದ ಬಣ್ಣದ ಕೂದಲು, ನೀಲಿ ಕಣ್ಣು, ಆರಡಿ ಎತ್ತರ. ಇನ್ಯಾವುದೋ ದೇಶದಿಂದ ಬಂದು ಎಂಟು ವರ್ಷದಿಂದ ಇಲ್ಲಿಯ ಹೋಟೆಲಿನ ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದವನು. ಇಂಗ್ಲಿಷಿಗೆ ಅವನು ದೂರ, ಅವನಿಗೆ ಇಂಗ್ಲಿಷು ದೂರ. ಬಣ್ಣ ಮಾತ್ರ ಹತ್ತಿರದ್ದು, ಅಷ್ಟೇ ಸಾಕಾಗಿತ್ತು. ತಿಂಗಳಿಗೊಮ್ಮೆ ತಂದೆತಾಯಿಗಳು ಪಾಠ ನೋಡಲು ಬರುವ ದಿನ ಅವನನ್ನು ಕೋಟು ತೊಡಿಸಿ ನಿಲ್ಲಿಸುತ್ತಿದ್ದರು. ಅವಳು ಪಕ್ಕದ ಸಾಮಾನು ಕೋಣೆಯಲ್ಲಿ ಕಪ್ಪು ಗಾಜಿನ ಕಿಂಡಿಯ ಹಿಂದೆ ಮೈಕು ಹಿಡಿದು ಕೂರುತ್ತಿದ್ದಳು. ಅವಳು ಹೇಳಿದ್ದು ಅವನ ಕಿವಿಯೊಳಗಿನ ಯಂತ್ರಕ್ಕೆ ಬೀಳುತ್ತಿತ್ತು. ಬಿದ್ದದ್ದನ್ನು ಅದೇ ಧಾಟಿಯಲ್ಲಿ ಒಪ್ಪಿಸುವುದರಲ್ಲಿ ಅವನು ಗಿಣಿಯನ್ನೂ ಮೀರಿಸುತ್ತಿದ್ದ.

ಇದನ್ನೆಲ್ಲ ಅವಳು ಒಂದು ವರ್ಷ ಸಹಿಸಿದ್ದು ಒಂದು ಕಾಗದಕ್ಕಾಗಿ. ವರ್ಷವಿಡೀ ಟೀಚರಾಗಿ ಪಾಠ ಮಾಡಿದ್ದಾಳೆ ಎಂಬ ಅನುಭವದ ಪತ್ರ. ಅದಿದ್ದರೆ ಈ ದೇಶದ ಒಳ್ಳೆಯ ಶಾಲೆಗಳಿಗೆ ಅರ್ಜಿ ಹಾಕಬಹುದು, ಎಲ್ಲರ ಎದುರು ನಿಂತು ಪಾಠ ಮಾಡಬಹುದು. ಇವತ್ತಿಗೆ ವರ್ಷ ತುಂಬಿತ್ತು. ಪಾಠ ಸುಸೂತ್ರ ನಡೆದರೆ ಪತ್ರ ಕೊಡುತ್ತೇನೆಂದು ಮ್ಯಾನೇಜರು ಹೇಳಿದ್ದ. ಅವಳು ಬಗ್ಗಿ ಅಂಗಿ ಎತ್ತಿಕೊಂಡು ತೊಟ್ಟಳು.

ಪಾಠ ಶುರುವಾಯಿತು. ಗೋಡೆಯ ಉದ್ದಕ್ಕೂ ಕುರ್ಚಿಗಳಲ್ಲಿ ನಲವತ್ತು ತಂದೆತಾಯಿಗಳು, ನೆಲದ ಮೇಲೆ ಇಪ್ಪತ್ತು ಪುಟ್ಟ ಮಕ್ಕಳು. ಅವಳು ಗುಂಡಿ ಒತ್ತಿ ಹೇಳುವುದು, ಗೊಂಬೆ ನಗುತ್ತ ಒಪ್ಪಿಸುವುದು, ಮಕ್ಕಳು ಕೂಗುವುದು. ಹತ್ತು ನಿಮಿಷ ಎಣ್ಣೆ ಹಾಕಿದ ಗಾಣದ ಹಾಗೆ ನಡೆಯಿತು. ಆಗ ಮ್ಯಾನೇಜರು ಕೋಣೆಯೊಳಗೆ ನುಸುಳಿ ಬಾಗಿಲೆಳೆದುಕೊಂಡ. ಅವನ ಮುಖದಲ್ಲಿ ಖುಷಿ ಇತ್ತು.

"ಎಲ್ಲ ಬಾಯಿ ಬಿಟ್ಕೊಂಡು ನೋಡ್ತಿದ್ದಾರೆ," ಎಂದು ಪಿಸುಗುಟ್ಟಿದ. "ತಗೋ, ನಿನ್ನ ಪತ್ರ. ಮಾತು ಅಂದ್ರೆ ಮಾತು ನಂದು."

ಅವಳು ಓದಿದಳು. ಸ್ವಚ್ಛತಾ ವಿಭಾಗದಲ್ಲಿ ಒಂದು ವರ್ಷ ನಿಷ್ಠೆಯಿಂದ ಕೆಲಸ ಮಾಡಿರುತ್ತಾಳೆ ಎಂದಿತ್ತು. ಇನ್ನೊಮ್ಮೆ ಓದಿದರೂ ಅದೇ ಇತ್ತು.

"ಸರ್, ಇದು ಕಸ ಗುಡಿಸಿದ್ದು ಅಂತ ಇದೆ."

"ಮತ್ತೇನು ಬರೀಲಿ? ಟೀಚರ್ ನೀನು ಅಂದ್ರೆ ಗೋಡೆ ಮೇಲೆ ಇರೋನು ಯಾರು ಅಂತ ಕೇಳಲ್ವಾ? ನಿಮ್ಮ ಕುಲದವರಿಗೆ ಈ ಕೆಲಸಕ್ಕೆ ಪತ್ರ ಬೇರೆ ಸಿಗ್ತಿದೆ, ಅದೇ ದೊಡ್ಡದು ಅಂದ್ಕೋ."

ಅವಳ ಮೈಯೆಲ್ಲ ಉರಿದುಹೋಯಿತು. ಗುಂಡಿಯ ಮೇಲಿನ ಬೆರಳು ತಾನಾಗಿ ಅದನ್ನು ಒತ್ತಿತು, ಅವಳಿಗೆ ಅದರ ಮೇಲೆ ಧ್ಯಾನವಿರಲಿಲ್ಲ. ಮೈಕು ತುಟಿಯ ಹತ್ತಿರದ ಮಾತನ್ನಷ್ಟೇ ಹಿಡಿಯುತ್ತಿತ್ತು. ಹಲ್ಲು ಕಚ್ಚಿ ಅವಳು ಅಂದಳು:

"ಥೂ, ನಿನ್ನ ಬಾಯಿಗೆ ಮಣ್ಣು ಹಾಕ. ಕಳ್ ನನ್ಮಗನೇ."

ಗೋಡೆಯಾಚೆ ಗೊಂಬೆ ಎರಡೂ ಕೈ ಚಾಚಿ, ಮಕ್ಕಳತ್ತ ನಗುತ್ತ, ಒಂದಕ್ಷರ ತಪ್ಪದೆ ಅದನ್ನೇ ಒಪ್ಪಿಸಿದ. ಇಪ್ಪತ್ತು ಮಕ್ಕಳೂ ಒಕ್ಕೊರಲಿನಿಂದ ಕೂಗಿದವು.

"ಕಳ್ ನನ್ಮಗನೇ!"

ತಾಯಂದಿರು ತಲೆದೂಗಿದರು. ಒಬ್ಬ ಅಪ್ಪ ಪುಸ್ತಕ ತೆಗೆದು ಬರೆದುಕೊಂಡ. ಇಡೀ ಊರಿನಲ್ಲಿ ಆ ಮಾತಿನ ಅರ್ಥ ಗೊತ್ತಿದ್ದ ಗಂಡಸು ಒಬ್ಬನೇ, ಅವನು ಈ ಕೋಣೆಯಲ್ಲಿ ಬೆವರುತ್ತ ನಿಂತಿದ್ದ. ಓಡಿಹೋಗಿ 'ಇದು ಇಂಗ್ಲಿಷಲ್ಲ' ಎನ್ನುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ. ಕಳ್ಳನಿಗೆ ಚೇಳು ಕುಟುಕಿದ ಹಾಗಾಗಿತ್ತು.

"ಕೊಡು ಇಲ್ಲಿ ಮೈಕು. ಹಲ್ಕಾ ಮುಂಡೆ, ಕೊಡು."

ಅವಳು ಗುಂಡಿ ಬಿಟ್ಟು ಹೇಳಿದಳು: "ತಗೊಳ್ಳಿ. ನೀವೇ ಪಾಠ ಹೇಳ್ತೀರಾ? ನಿಮ್ಮ ಇಂಗ್ಲಿಷ್ ಎಷ್ಟು ಅಂತ ನಂಗೆ ಗೊತ್ತಿಲ್ವಾ. ನೀವು ಬರೆಯೋ ಕಾಗದ ತಿದ್ದೋದೂ ನಾನೇ."

ಅವನ ಕೈ ಹಾಗೇ ನಿಂತಿತು. ಹೊರಗೆ ಮಕ್ಕಳು ಮುಂದಿನ ಸಾಲಿಗೆ ಕಾಯುತ್ತಿದ್ದವು, ಗೊಂಬೆ ಕಿವಿ ಮುಟ್ಟಿಕೊಳ್ಳುತ್ತಿದ್ದ. ಅವಳು ಪತ್ರವನ್ನು ಅವನ ಮುಂದೆ ಹಿಡಿದಳು. ಅವನು ಪೆನ್ನು ತೆಗೆದು 'ಸ್ವಚ್ಛತಾ ವಿಭಾಗ'ದ ಮೇಲೆ ಗೀಟು ಹಾಕಿ, ಮೇಲೆ 'ಇಂಗ್ಲಿಷ್ ಟೀಚರ್' ಎಂದು ಬರೆದು ಸಹಿ ಹಾಕಿದ.

ಅವಳಿಗೆ ಸಂತೋಷವಾಯಿತು. ಸುಳ್ಳೇಕೆ, ಆಯಿತು. ಅಮ್ಮನಿಗೆ ಫೋನು ಮಾಡಿ ಹೇಳಬೇಕು ಎಂದುಕೊಂಡಳು ಕೂಡ.

"ಸಾಕಲ್ಲ? ಈಗ ಇಂಗ್ಲಿಷ್ ಹೇಳು," ಎಂದ ಅವನು, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತ. "ಎಲ್ಲಿಗೆ ಬೇಕಾದ್ರೂ ಅರ್ಜಿ ಹಾಕು ಹೋಗು. ಅವರು ನನಗೇ ಫೋನ್ ಮಾಡಿ ಕೇಳ್ತಾರೆ, ಅವಳು ಟೀಚರಾ ಅಂತ. ನಾನು ಏನು ಹೇಳ್ತೀನಿ ಅಂತ ನಿಂಗೆ ಗೊತ್ತಲ್ಲ."

ಅದು ನಿಜವಾಗಿತ್ತು. ಅವನು ಬದುಕಿರುವವರೆಗೂ, ಈ ಶಾಲೆ ಇರುವವರೆಗೂ, ಅವಳು ಯಾರು ಎಂದು ಹೇಳುವವನು ಅವನೇ. ಒಂದು ಗಳಿಗೆಯ ಹಿಂದೆ ತಾನು ಚೌಕಾಶಿ ಮಾಡಿ ಗೆದ್ದೆ ಎಂದು ಹಿಗ್ಗಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಪತ್ರವನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು.

ಈ ಸಲ ಇಂಗ್ಲಿಷಲ್ಲ, ಕನ್ನಡವೂ ಅಲ್ಲ. ವರ್ಷದಿಂದ ಮಕ್ಕಳ ಬಾಯಿಂದಲೇ ಕಲಿತ ಆ ದೇಶದ ಭಾಷೆಯಲ್ಲಿ, ತಪ್ಪುತಪ್ಪಾಗಿ, ನಿಧಾನವಾಗಿ, ಗೊಂಬೆ ಆಡಬೇಕಾದ ಮಾತು ಹೇಳಿದಳು.

"ಈಗ ನಿಮ್ಮ ಮಕ್ಕಳು ಕಲಿತದ್ದು ಇಂಗ್ಲಿಷ್ ಅಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲ. ಕಲಿಸಿದವಳು ಈ ಗೋಡೆಯ ಹಿಂದೆ ಇದ್ದಾಳೆ."

ಆ ಭಾಷೆ ಗೊಂಬೆಗೆ ಚೆನ್ನಾಗಿ ಬರುತ್ತಿತ್ತು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವನಿಗೆ ತಾನು ಹೇಳಬೇಕಾದ ಮಾತಿನ ಅರ್ಥವಾಗಿತ್ತು. ಅವನ ನಗು ಮಾಯವಾಯಿತು. ಕಿವಿಯಿಂದ ಯಂತ್ರ ತೆಗೆದು ಅಂಗೈಯಲ್ಲಿಟ್ಟು ನೋಡಿದ. ಹೇಳಿದರೆ ಮತ್ತೆ ಮೀನಿನ ಕತ್ತಿಯೇ ಗತಿ. ಅವಳು ಕಿಂಡಿಗೆ ಮುಖ ಒತ್ತಿದಳು.

ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ ತನ್ನದೇ ಒರಟು ದನಿಯಲ್ಲಿ ಮೂರೂ ಮಾತನ್ನು ಹೇಳಿ, ಗೋಡೆಯತ್ತ ಬೆರಳು ತೋರಿಸಿದ.

ಕುರ್ಚಿಗಳು ಸರಿದ ಸದ್ದು, ಆಮೇಲೆ ಒಬ್ಬ ಗಂಡಸಿನ ಕೂಗು. ಹತ್ತಾರು ಜೊತೆ ಕಾಲುಗಳು ಪಡಸಾಲೆಯಲ್ಲಿ ಬರುತ್ತಿದ್ದವು. ಅವು ತನಗಾಗಿ ಬರುತ್ತಿದ್ದವೋ ಮ್ಯಾನೇಜರಿಗಾಗಿಯೋ ಅವಳಿಗೆ ತಿಳಿಯಲಿಲ್ಲ.

ಮ್ಯಾನೇಜರು ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಪಾದ ನೆಲಕ್ಕೆ ಊರಿ ನಿಂತಿದ್ದ. "ನಿಂಗೆ ಕೈ ಮುಗೀತೀನಿ ಕಣಮ್ಮ," ಎಂದ. "ಒಳಗೆ ಯಾರೂ ಇಲ್ಲ ಅಂತೀನಿ. ಉಸಿರೆತ್ತಬೇಡ."

ಹೊರಗಿನಿಂದ ಯಾರೋ ಹಿಡಿಕೆ ತಿರುಗಿಸಿದರು.

"ಬಾಗಿಲು ಬಿಡು," ಎಂದಳು ಅವಳು.