ಕಂಬಳಿ ಕೊಪ್ಪೆ

ಎಣ್ಣೆ ಬಟ್ಟೆ ಬಂದೂಕದ ನಳಿಗೆಯೊಳಗೆ ಹೋಗಿ ಬರುವ ಸದ್ದು, ಸುಯ್ ಅಂತ ಹೋಗುತ್ತದೆ ಸುಯ್ ಅಂತ ಬರುತ್ತದೆ, ಆ ಗಾರ್ಡಿಗೆ ಎಷ್ಟು ನಿಧಾನ ನೋಡು, ಹಬ್ಬಕ್ಕೆ ಹಿತ್ತಾಳೆ ಚೊಂಬು ಬೆಳಗುವವನ ಹಾಗೆ ಕೂತಿದ್ದಾನೆ, ಅವನಿಗೇನು, ಹೊತ್ತು ನೆತ್ತಿಗೆ ಬಂದಾಗ ಆನೆಯನ್ನು ಹೊಡೆದುಬಿಡು ಅಂದಿದ್ದಾರೆ ರೇಂಜರ್ ಸಾಹೇಬರು, ಹೊಡೆಯುತ್ತಾನೆ, ಮನೆಗೆ ಹೋಗಿ ಮುದ್ದೆ ಉಂಡು ಮಲಗುತ್ತಾನೆ. ದೊಡ್ಡಮಾದಯ್ಯ ಹುಲ್ಲಿನ ಮೆದೆಗೆ ಬೆನ್ನು ಕೊಟ್ಟು ಕೂತಿದ್ದ, ಕುಂಡಿಯ ಕೆಳಗೆ ಹುಲ್ಲು, ಹುಲ್ಲಿನ ಕೆಳಗೆ ಕಂಬಳಿ, ನೆನ್ನೆಯಿಂದ ಅದರ ಮೇಲೆಯೇ ಕೂತಿದ್ದಾನೆ, ಉಚ್ಚೆಗೂ ಎದ್ದಿಲ್ಲ ಅನ್ನಬೇಕು — ಎದುರಿಗೆ ಎರಡು ಹೊನ್ನೆ ಮರಗಳ ನಡುವೆ ನಾಲ್ಕು ಕಾಲಿಗೂ ಸರಪಳಿ ಬಿಗಿಸಿಕೊಂಡು ಚೆಲುವಿ ನಿಂತಿದ್ದಾಳೆ, ಹೆಣ್ಣಾನೆ, ಇನ್ನೂ ಹನ್ನೆರಡು ತುಂಬಿಲ್ಲ, ಬಲ ಮುಂಗಾಲಿನ ಉಗುರಿನ ಸಂದಿಯಲ್ಲಿ ಕಪ್ಪಗೆ ಒಣಗಿರುವುದು ಕೆಸರಲ್ಲ, ಸೋಮಯ್ಯ. ಒಡಹುಟ್ಟಿದ ತಂಗಿಯ ಗಂಡ. ನೆನ್ನೆ ಇಷ್ಟು ಹೊತ್ತಿಗೆ ಅವನನ್ನು ಮಣ್ಣಿನಿಂದ ಬಿಡಿಸಿ ತೆಗೆಯುತ್ತಿದ್ದರು. ಸೊಂಡಿಲಲ್ಲಿ ಸೊಂಟ ಹಿಡಿದು ಎತ್ತಿ ನೆಲಕ್ಕೆ ಬಡಿದಳು, ಒಂದು ಸಲ, ಎರಡು ಸಲ, ಆಮೇಲೆ ಎದೆಯ ಮೇಲೆ ಮಂಡಿಯೂರಿದಳು, ಪಕ್ಕೆಲುಬು ಮುರಿದ ಸದ್ದು ಬಿಡಾರದ ಆ ತುದಿಗೂ ಕೇಳಿತು, ಒಣ ಬಿದಿರು ಒಲೆಯಲ್ಲಿ ಸಿಡಿದ ಹಾಗೆ, ಬಾಯಿಂದ ರಕ್ತ ಬುಳುಬುಳು ಬಂತು, ಅದರಲ್ಲಿ ಮಾತು ಯಾವುದು ಉಸಿರು ಯಾವುದು ತಿಳಿಯಲಿಲ್ಲ. ಅವನಿಗೆ ಚಳಿಜ್ವರ ಬಂದಿತ್ತು. ನಡುಗುತ್ತಿದ್ದ. ಕಂಬಳಿ ಹೆಗಲಿಗೆ ಹೊದೆಸಿದೆ, ಅಷ್ಟೆ, ಅಷ್ಟೇ ತಾನೆ.

ಯಾಕ್ ಕೊಂತು ಹೇಳೋ ಮಾದಯ್ಯ, ನೀನು ಇಪ್ಪತ್ತು ವರ್ಷದಿಂದ ಆನೆ ಪಳಗಿಸ್ತಿದ್ದೀಯ, ನಿನಗೆ ಗೊತ್ತಿಲ್ಲದ್ದೇನು, ಅಂತ ಸಾಹೇಬರು ಮೂರು ಸಲ ಕೇಳಿದರು, ಮೂರು ಸಲವೂ ಇವನು, ಮೂಕ ಪ್ರಾಣಿ ಬುದ್ದಿ, ಅದ್ರ ತಲೇಲಿ ಏನೈತೆ ಅಂತ ಯಾರ್ ಕಂಡವ್ರೆ ಅಂದ. ಯಾರು ಕಂಡವರೆ. ಇವನೇ ಕಂಡವನು, ಇಷ್ಟಿಷ್ಟೇ ಅದರ ತಲೆಗೆ ತುಂಬಿದವನೇ ಇವನು. ಕಾಕನಕೋಟೆಯ ಖೆಡ್ಡಾದಲ್ಲಿ ಹಿಡಿದು ಇಲ್ಲಿಗೆ ತಂದು ಮರದ ದೊಡ್ಡಿಯಲ್ಲಿ ನಿಲ್ಲಿಸಿದ ದಿನದಿಂದ, ಬೆಳಿಗ್ಗೆ ಒಂದು ಪಾಳಿ ಸಂಜೆ ಒಂದು ಪಾಳಿ, ಬಿದಿರ ದೊಣ್ಣೆಯಲ್ಲಿ ಉಗುರಿನ ಮೇಲೆ ಕಿವಿಯ ಹಿಂದೆ, ಕಾಲು ಎತ್ತು ಅಂದಾಗ ಎತ್ತದಿದ್ದರೆ ಅಂಕುಶದ ಮೊನೆ ಹಳೆ ಗಾಯಕ್ಕೇ, ಹೊಸ ಜಾಗಕ್ಕೆ ಚುಚ್ಚಬಾರದು, ನೋವು ಇದ್ದ ಕಡೆಯೇ ನೋವು ನೆನಪಾಗಬೇಕು ಅಂತ ಅಪ್ಪ ಹೇಳಿಕೊಟ್ಟಿದ್ದ. ಇನ್ನೂ ಒಂದು ಹೇಳಿಕೊಟ್ಟಿದ್ದ, ಹೊಡೆಯೋ ಕೈ ಬ್ಯಾರೆ, ತಿನ್ಸೋ ಕೈ ಬ್ಯಾರೆ ಕಣ್ಲಾ. ಹೊಡೆಯುವವನು ಕಂಬಳಿಯನ್ನು ಕೊಪ್ಪೆ ಮಾಡಿ ನೆತ್ತಿಯಿಂದ ಇಳಿಬಿಟ್ಟು ಮುಖ ಮುಚ್ಚಿಕೊಂಡೇ ಒಳಗೆ ಹೋಗಬೇಕು, ಆನೆಗೆ ಮುಖ ಸಿಕ್ಕಬಾರದು, ಹೊಡೆಯುವಾಗ ತಿನ್ನಿಸುವವನು ಆ ಕಡೆ ತಲೆ ಹಾಕಬಾರದು. ಅವನು ಆಮೇಲೆ ಬರಬೇಕು, ಬೆಲ್ಲ ಕಬ್ಬು ತಂದು, ಗಾಯಕ್ಕೆ ಬೇವಿನೆಣ್ಣೆ ಹಚ್ಚಿ, ನನ್ ಚೆಲುವಿ ನನ್ ಬಂಗಾರಿ ಅಂತ ಕೊಂಡಾಡಬೇಕು, ಪಳಗಿದ ಮೇಲೆ ಕತ್ತಿನ ಮೇಲೆ ಕೂರುವವನೂ ಅವನೇ. ಕಂಬಳಿಯನ್ನು ಹೊಳೆಗೆ ಬಿಟ್ಟು ಹೊಡೆದವನು ಮುಂದಿನ ಆನೆಗೆ ಹೋಗಬೇಕು. ಕೈ ಕೆಸರಾದರೆ ಬಾಯಿ ಮೊಸರಂತೆ, ಇಲ್ಲಿ ಕೆಸರು ಇವನ ಕೈಗೆ, ಮೊಸರು ಸೋಮಯ್ಯನ ಬಾಯಿಗೆ.

ಮೈಸೂರಿನ ಕಾಲೇಜಿನಿಂದ ಕಂಠಪ್ಪ ಮೇಷ್ಟ್ರು ಬಂದಿದ್ದರಲ್ಲ ಹೋದ ತಿಂಗಳು, ಹಣೆತುಂಬ ವಿಭೂತಿ, ಕಣ್ಣಿಗೆ ಕನ್ನಡಕ, ಮನಸ್ಸಿನ ಶಾಸ್ತ್ರ ಓದಿಸುವವರಂತೆ, ಮನಸ್ಸಿಗೂ ಒಂದು ಶಾಸ್ತ್ರ ಅಂತ ಬಿಡಾರದವರೆಲ್ಲ ನಕ್ಕರು. ಎಂಟು ದಿನ ಇದ್ದು ಬರೆದುಕೊಂಡರು, ಎಷ್ಟು ಏಟಿಗೆ ಕಾಲೆತ್ತಿತು, ಎಷ್ಟನೇ ದಿನ ಏಟಿಲ್ಲದೆ ಎತ್ತಿತು. ದೂರದೇಶದ ಯಾವನೋ ಡಾಕ್ಟರು ನಾಯಿಗೆ ಗಂಟೆ ಬಾರಿಸಿ ಬಾರಿಸಿ ಅನ್ನ ಹಾಕಿದನಂತೆ, ಕೊನೆಗೆ ಬರೀ ಗಂಟೆಗೇ ನಾಯಿ ಜೊಲ್ಲು ಸುರಿಸಿತಂತೆ, ಇದಕ್ಕೆ ಅಷ್ಟು ದೊಡ್ಡ ಹೆಸರಂತೆ, ನಮ್ಮ ಕೆಂಪಾಜಮ್ಮನ ಎಮ್ಮೆ ಚೊಂಬಿನ ಸದ್ದಿಗೆ ಹಾಲು ಸೊರ ಬಿಡುತ್ತೆ ಬುದ್ದಿ, ಅದಕ್ಕೆ ಯಾರೂ ಪದಕ ಕೊಡ್ನಿಲ್ಲ ಅಂತ ಇವನು ಅಂದದ್ದಕ್ಕೆ ಮೇಷ್ಟ್ರು ಬಿದ್ದುಬಿದ್ದು ನಕ್ಕರು. ನಕ್ಕವರೇ ಆಮೇಲೆ ಕೇಳಿದರು, ಮಾದಯ್ಯನವರೇ, ಅದು ನಿಮ್ಮನ್ನ ದ್ವೇಷ ಮಾಡುತ್ತೋ ಕಂಬಳಿನೋ. ಹಾಗೆ ಇವನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ನೋಡೋಣ ಅಂತ ಮೇಷ್ಟ್ರು ಕಂಬಳಿಯನ್ನು ಹೆಗಲಿಗೆ ಹಾಕಿಸಿ ದೂರದಲ್ಲಿ ನಿಲ್ಲಿಸಿದರು, ಚೆಲುವಿ ಕಿವಿಯಾಡಿಸಿದಳು, ಸುಮ್ಮನಾದಳು, ಬಿಡಾರದಲ್ಲಿ ಎಲ್ಲರ ಹೆಗಲಿಗೂ ಒಂದು ಕರಿ ಕಂಬಳಿ ಇದ್ದೇ ಇದೆ. ಈಗ ತಲೆ ಮೇಲೆ ಎಳೆದುಕೊಳ್ಳಿ ಅಂದರು. ಎಳೆದುಕೊಂಡ. ಉಚ್ಚೆ ಹೊಯ್ದುಕೊಂಡಳು, ಹಿಂದೆ ಸರಿದು ದೊಡ್ಡಿಯ ಮರಕ್ಕೆ ಹಣೆ ಚಚ್ಚಿಕೊಂಡಳು. ದೊಣ್ಣೆ ಕೆಳಗಿಡಿ ಅಂದರು, ಇಟ್ಟ, ಇಟ್ಟದ್ದೇ ತಡ ನುಗ್ಗಿದಳು, ದಿಮ್ಮಿ ಅಡ್ಡ ಇಲ್ಲದಿದ್ದರೆ ಅವತ್ತೇ ಇವನ ಕಥೆ ಮುಗಿದಿತ್ತು. ದೊಣ್ಣೆಯಿದ್ದರೆ ಭಯ ಮುಂದೆ, ಇಲ್ಲದಿದ್ದರೆ ಸಿಟ್ಟು ಮುಂದೆ, ಅಂತ ಮೇಷ್ಟ್ರು ಬರೆದುಕೊಂಡರು. ಸೋಮಯ್ಯ ಅಲ್ಲಿರಲಿಲ್ಲ. ಕೊಪ್ಪೆ ಹಾಕುವಾಗ ತಿನ್ನಿಸುವವನು ಇರಬಾರದು, ಕಬ್ಬು ತರಲು ಹೋಗಿದ್ದ. ಅವನು ಇವಳ ಆ ಕಣ್ಣು ಕಂಡವನೇ ಅಲ್ಲ. ಹಾಗಾದರೆ ಕಂಡಿದ್ದವನು ಯಾರು, ಗೊತ್ತಿದ್ದವನು ಯಾರು — ಬಟ್ಟೆ ಸುಯ್ ಅಂತ ಹೋಗಿ ಬರುತ್ತಿದೆ, ಬಿಸಿಲು ಹೊನ್ನೆಯ ಅರ್ಧಕ್ಕೆ ಬಂತು.

ಮೊನ್ನೆ ಸಂಜೆ ಏನಾಯಿತು ಅಂದರೆ, ಇಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಬೇರೆ ಮಾತು. ಚೆಲುವಿ ಪಳಗಿದ ಲೆಕ್ಕ, ಸೋಮಯ್ಯನೇ ಮಾವುತ ಅಂತ ಸಾಹೇಬರು ಹೇಳಿದರು. ಇವನು ಕೈಕಟ್ಟಿ ಕೇಳಿದ್ದ, ಬುದ್ದಿ ಇದೊಂದನ್ನ ನನಗೆ ಬುಡಿ, ಇಪ್ಪತ್ತು ವರ್ಷ ಹೊಡ್ದೇ ಕಳೆದೆ, ಒಂದಾನೆಯಾದ್ರೂ ನನ್ನ ಕೈಲಿ ತಿನ್ನಲಿ, ಒಂದ್ರ ಕತ್ತಿನ ಮ್ಯಾಲಾದ್ರೂ ಕೂತ್ಕತ್ತೀನಿ. ಸಾಹೇಬರು ನಕ್ಕು ಸೋಮಯ್ಯನ ಮುಖ ನೋಡಿದರು. ಸೋಮಯ್ಯ, ನೀನು ಬೇಜಾರ್ ಮಾಡ್ಕಬ್ಯಾಡ ಬಾವ, ಹೊಡ್ದ ಕೈಗೆ ಆನೆ ಬರಾಕಿಲ್ಲ ಕಣ, ನಿಮ್ಮಪ್ಪನೇ ಅಂದಿದ್ದು ಅಂತ ನಕ್ಕ. ಅವನು ಅಂದದ್ದರಲ್ಲಿ ತಪ್ಪೇನು, ಒಳ್ಳೆಯವನು, ತಂಗಿಯನ್ನು ಹೂವಿನ ಹಾಗೆ ನೋಡಿಕೊಂಡ, ಅವಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ, ಬಿಡಾರದಲ್ಲಿ ಹೆಂಡತಿಗೆ ಹೊಡೆಯದ ಗಂಡಸು ಅವನೊಬ್ಬನೇ. ದೊಡ್ಡಮಾದಯ್ಯನ ಹೆಂಡತಿ ಪುಟ್ಟಮಲ್ಲಮ್ಮ ತವರಿಗೆ ಹೋದವಳು ಬರಲೇ ಇಲ್ಲ, ಹುಣಸೂರಿನಲ್ಲಿ ತಂಬಾಕು ಒಣಗಿಸುವ ಕಡೆ ಕೂಲಿಗೆ ಹೋಗುತ್ತಾಳಂತೆ, ಅವಳೂ ಹಾಗೆಯೇ, ಇವನು ಒಳಗೆ ಬಂದು ಬಾಗಿಲ ಅಗಳಿ ಹಾಕಿದರೆ ಸಾಕು, ಸೌಟು ಕೈಯಲ್ಲಿದ್ದ ಹಾಗೇ ಗೋಡೆಗೆ ಒರಗುತ್ತಿದ್ದಳು, ಹೊಡೆಯದ ದಿನವೂ ಒರಗುತ್ತಿದ್ದಳು, ಒಂದು ದಿನ ಅವಳಿಗೆ ಅಂತ ಹೂವು ತಂದಿದ್ದ, ಅಗಳಿ ಸದ್ದಿಗೆ ಅವಳು ಕೂತಲ್ಲೇ ಮುದುರಿದ್ದು ಕಂಡು ಸಿಟ್ಟು ಬಂದು ಹೊಡೆದುಬಿಟ್ಟ, ಹೂವು ಒಲೆಗೆ ಬಿತ್ತು. ಮೇಷ್ಟ್ರ ನಾಯಿ ಕಥೆ ಕೇಳಿದ ದಿನ ಅಗಳಿಯೇ ನೆನಪಾಗಿ ಅನ್ನ ಸೇರಲಿಲ್ಲ. ನಾನೇನು ಪಾಪ ಮಾಡಿದ್ದೆ ಶಿವನೇ, ಮುಟ್ಟಿದ್ದೆಲ್ಲ ಬೆದರುತ್ತದೆ, ಮೊನ್ನೆ ಸಂಜೆ ಎದೆಯಲ್ಲಿ ಉರಿದದ್ದು ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ, ಸೋಮಯ್ಯನ ಆ ನಗುವ ಹಲ್ಲನ್ನು ಕೆಡವಬೇಕು ಅನ್ನಿಸಿದ್ದು ನಿಜ. ಅನ್ನಿಸಿದ್ದು ನಿಜ, ಮಾಡಲಿಲ್ಲವಲ್ಲ. ಬೆಳಿಗ್ಗೆಗೆ ಮರೆತೂ ಹೋಗಿತ್ತು. ಮರೆವು ಅಂದ್ರೆ ಕಳ್ಕೊಳ್ಳೋದಲ್ಲ ಮಾದಯ್ಯನವರೇ, ಮನಸ್ಸೇ ಎಷ್ಟೋ ಸಲ ಬಚ್ಚಿಟ್ಟುಕೊಂಡಿರುತ್ತೆ, ಅಂದಿದ್ದರು ಮೇಷ್ಟ್ರು. ಹಾಳಾದ ಮೇಷ್ಟ್ರು.

ನೆನ್ನೆ ಬೆಳಿಗ್ಗೆ ಮಂಜು. ಹೊಳೆಯ ಕಡೆಯಿಂದ ಎದ್ದ ಮಂಜಿಗೆ ಎರಡು ಮಾರು ಆಚೆ ಕಾಣುವುದಿಲ್ಲ, ಸೋಮಯ್ಯ ಬೆಲ್ಲದ ಉಂಡೆ ಹಿಡಿದು ಬಂದ, ಹಲ್ಲು ಕಟಕಟ ಅನ್ನುತ್ತಿದೆ, ಚಳಿ ಬಂದ್ಬುಟ್ಟದೆ ಬಾವ, ಚೆಲುವಿಗೆ ಇದ್ ತಿನ್ಸಿ ಮನಿಕತ್ತೀನಿ. ಇವನು ಆಗಷ್ಟೇ ಹೆಗಲಿನಿಂದ ತೆಗೆದ, ಇನ್ನೂ ಹೊಳೆಗೆ ಬಿಡದ ಕಂಬಳಿ, ಅದಕ್ಕೆ ಅವಳ ಗಾಯದ ರಕ್ತದ ವಾಸನೆ, ತಗೋ ಹೊದ್ಕೊ ಅಂತ ಹೆಗಲಿಗೆ ಹಾಕಿದ, ಪಾಪ ಅನ್ನಿಸಿತು, ಪಾಪ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಅವನು ಹೋದ. ಆಮೇಲೆ ಸದ್ದು. ಓಡಿ ಹೋಗಿ ದೊಣ್ಣೆ ಬೀಸಿ ಅವಳನ್ನು ಹಿಂದೆ ಸರಿಸಿ ಮೊದಲು ಮಾಡಿದ್ದೇನು, ಸೋಮಯ್ಯನ ಬಾಯಿಗೆ ನೀರು ಬಿಟ್ಟೆನೇ, ಇಲ್ಲ, ಕಂಬಳಿ ಎಳೆದುಕೊಂಡೆ. ಸಾಯುವವನ ಮೈಯಡಿಯಿಂದ ಕಂಬಳಿ ಎಳೆದು ಮೆದೆಗೆ ತುರುಕಿದೆ. ಹೊದೆಸಿದ್ದಕ್ಕೂ ಅವನು ಹೋದದ್ದಕ್ಕೂ ನಡುವೆ ಏನೋ ಇದೆ, ಅಲ್ಲಿಗೆ ಬಂದರೆ ಮನಸ್ಸು ಗಾಣದೆತ್ತಿನ ಹಾಗೆ ತಿರುಗಿ ಹೆಗಲಿಗೇ ಬರುತ್ತದೆ, ಕಂಬಳಿ ಹೆಗಲಿಗೆ ಹಾಕಿದೆ, ಕಂಬಳಿಯ ಅಂಚು ಕೈಯಲ್ಲಿತ್ತು, ಹೆಗಲಿಗೆ, ಹೆಗಲಿಗೆ ಅಷ್ಟೆ.

ಸುಯ್ ಅನ್ನುವುದು ನಿಂತಿತು. ಗಾರ್ಡು ಎದ್ದು ನಿಂತು ತೋಟಾ ತುಂಬುತ್ತಿದ್ದಾನೆ, ಸಾಹೇಬರು ಟೋಪಿ ಹಾಕಿಕೊಂಡು ಬಂದರು, ಜನ ಸೇರಿತು, ತಂಗಿ ಚಿಕ್ಕಸಿದ್ದಮ್ಮ ಬಂದು ಮುಂದೆ ನಿಂತಳು, ಹಣೆ ಬೋಳು, ಅತ್ತು ಅತ್ತು ಕಣ್ಣು ಊದಿದೆ, ಆನೆ ಸಾಯುವುದನ್ನು ಕಣ್ಣಾರೆ ನೋಡಬೇಕು ಅಂದಳಂತೆ, ಯಾಕೆ ಬೇಡ ಅನ್ನಬೇಕು. ಚೆಲುವಿ ಅವಳನ್ನು ನೋಡಿ ಸೊಂಡಿಲು ನೀಡಿದಳು, ಬೆಲ್ಲಕ್ಕೆ. ನೆನ್ನೆ ಒಬ್ಬನನ್ನು ಜಜ್ಜಿದ ಸೊಂಡಿಲು ಇವತ್ತು ಅವನ ಹೆಂಡತಿಯ ಮುಂದೆ ಚಾಚಿದೆ, ಚೆಲುವಿಯ ಲೆಕ್ಕದಲ್ಲಿ ಅವಳು ಸೋಮಯ್ಯನನ್ನು ಕೊಂದೇ ಇಲ್ಲ, ಕೊಪ್ಪೆಯವನನ್ನು ಕೊಂದಿದ್ದಾಳೆ, ಸೋಮಯ್ಯ ಇನ್ನೂ ಯಾಕೆ ಬರಲಿಲ್ಲ ಅಂತ ಕಾಯುತ್ತಿದ್ದಾಳೆ. ಗಾರ್ಡು ಬಂದೂಕ ಎತ್ತಿದ. ಇನ್ನೊಂದು ಚಣ ಸುಮ್ಮನೆ ಕೂತರೆ ಎಲ್ಲ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ, ಕೂತಿರು ಮಾದಯ್ಯ, ಕೂತಿರು, ಕಾಲು ಕೇಳಲಿಲ್ಲ.

ಹೊಡೀಬ್ಯಾಡಿ ಬುದ್ದಿ. ಕಂಬಳಿ ಕೈಯಲ್ಲಿದೆ, ಹುಲ್ಲು ಮೆತ್ತಿದೆ, ರಕ್ತ ಒಣಗಿ ರಟ್ಟಾಗಿದೆ. ಅದ್ರದ್ದು ತಪ್ಪಿಲ್ಲ, ಸೋಮಯ್ಯ ನನ್ ಕಂಬಳಿ ಹೊದ್ದಿದ್ದ, ನಾನೇ ಕೊಟ್ಟಿದ್ದು, ನಾನು ಅಂತ ತಿಳ್ಕಂಡು ಕೊಂದ್ಬುಟ್ಲು. ಸುಳ್ಳು ಬೊಗಳ್ಬೇಡ ಕಣೋ, ಕಂಬಳಿ ನೋಡಿ ಆನೆ ಕೊಲ್ಲುತ್ತೇನೋ ಅಂದರು ಸಾಹೇಬರು. ಇವನು ಹೆಗಲಿಗೆ ಹಾಕಿಕೊಂಡು ಬರಿಗೈಯಲ್ಲಿ ಚೆಲುವಿಯ ಮುಂದೆ ಹೋಗಿ ನಿಂತ. ಕಿವಿಯಾಡಿಸಿದಳು. ಮೂಸಿದಳು. ಸುಮ್ಮನಾದಳು. ನೋಡ್ದ್ಯಾ, ಏನೂ ಇಲ್ಲ, ಸರಿಯೋ ಪಕ್ಕಕ್ಕೆ ಅಂದರು. ಬಂದೂಕ ಮತ್ತೆ ಎದ್ದಿತು. ಹೆಗಲಿಗೆ ಸಾಲದು, ಇವನಿಗೆ ಗೊತ್ತು, ಸಾಲದು ಅಂತ ಗೊತ್ತು, ತಂಗಿ ನೋಡುತ್ತಿದ್ದಾಳೆ, ತೋರಿಸಿದರೆ ಚೆಲುವಿಯ ಜೀವ ಉಳಿಯುತ್ತದೆ, ತೋರಿಸಿದರೆ ತಂಗಿ — ಅಂಚು ಹಿಡಿದು ತಲೆಯ ಮೇಲೆ ಎಳೆದುಕೊಂಡ.

ಕತ್ತಲೆ, ಉಣ್ಣೆಯ ವಾಸನೆ, ರಕ್ತದ ವಾಸನೆ, ಆಮೇಲೆ ಭೂಮಿಯೇ ಕೂಗಿತು. ಸರಪಳಿ ಸಿಡಿಯುವಷ್ಟು ಬಿಗಿದು ಕಾಲಿನ ಮಾಂಸ ಕಿತ್ತು ಬಂದರೂ ನುಗ್ಗಿದಳು, ಸೊಂಡಿಲು ಪಕ್ಕೆಗೆ ಬಿತ್ತು, ಇವನು ಒಂದು ಮಾರು ಆಚೆ ಹಾರಿ ಬಿದ್ದ, ಬಾಯಲ್ಲಿ ಮಣ್ಣು, ಹಲ್ಲು, ಕಂಬಳಿ ಎಲ್ಲೋ ಹೋಯಿತು. ಕಂಬಳಿ ಹೋದದ್ದೇ ನಿಂತಳು. ಏದುಸಿರು ಬಿಡುತ್ತಾ ನಿಂತಳು, ಬರಿತಲೆಯಲ್ಲಿ ಬಿದ್ದಿದ್ದವನ ಕಡೆ ಸೊಂಡಿಲ ತುದಿ ಚಾಚಿ ಅವನ ಅಂಗೈ ಮೂಸಿದಳು, ಹೊಡೆದ ಕೈಯಲ್ಲಿ ಬೆಲ್ಲ ಹುಡುಕಿದಳು, ಇಪ್ಪತ್ತು ವರ್ಷದಲ್ಲಿ ಯಾವ ಆನೆಯೂ ಮುಟ್ಟದ ಕೈ. ಬಂದೂಕ ಇಳ್ಸಯ್ಯ, ಇಳ್ಸು ಅಂದರು ಸಾಹೇಬರು. ಜನರ ಕಾಲುಗಳು ಸರಿದವು, ನಡುವೆ ಎರಡು ಕಾಲು ಹತ್ತಿರ ಬಂದವು, ಬಳೆಯಿಲ್ಲದ ಕೈ ಕಂಬಳಿಯನ್ನು ಎತ್ತಿಕೊಂಡಿದೆ. ತಂಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅಳಲಿಲ್ಲ. ಅಣ್ಣಯ್ಯ, ಹೆಗಲ ಮ್ಯಾಲೆ ಇದ್ದಾಗ ಅದು ಸುಮ್ನೆ ಇತ್ತಲ್ಲ. ನಮ್ಮೋರು ಯಾವತ್ತೂ ಕೊಪ್ಪೆ ಹಾಕ್ದೋರಲ್ಲ. ಅವ್ರ ತಲೆ ಮ್ಯಾಕೆ ಎಳ್ದೋರು ಯಾರು.

ಮಂಜು ಬೀಳ್ತಿತ್ತು ಕಣವ್ವ ಅನ್ನಬೇಕು, ನಡುಗ್ತಿದ್ದ, ಕಿವಿಗೆ ಗಾಳಿ ಹೋಗಬಾರದು ಅಂತ ಅನ್ನಬೇಕು, ಅದು ಸುಳ್ಳೂ ಅಲ್ಲ, ಬಾಯಿ ತೆರೆದರೆ ರಕ್ತ ಬರುತ್ತದೆ, ಗೊತ್ತಿತ್ತೇ, ಆ ಚಣದಲ್ಲಿ ಗೊತ್ತಿತ್ತೇ, ಹುಡುಕುತ್ತಾನೆ, ಮಂಜಿನೊಳಗೆ ಕೈ ಹಾಕಿ ಹುಡುಕುತ್ತಾನೆ, ಬೆಳಿಗ್ಗೆ ಇದೆ, ಹೊಳೆ ಇದೆ, ಸೋಮಯ್ಯ ಇದ್ದಾನೆ, ಕಂಬಳಿ ಹೆಗಲಿಗೆ ಹಾಕಿದೆ, ಅಂಚು ಎರಡು ಬೆರಳ ನಡುವೆ ಇದೆ, ಕೈ ಮೇಲಕ್ಕೆ ಹೋಗುತ್ತಿದೆ, ಸೋಮಯ್ಯನ ರುಮಾಲು ಅಡ್ಡ ಬಂತು, ಇನ್ನೊಂದು ಕೈ ಅದನ್ನು ಮೆಲ್ಲಗೆ ಬಿಚ್ಚಿತು, ಬಾವ ನೀನಿರೋದ್ರಿಂದ ನಂಗೇನ್ ಭಯ ಅನ್ನುತ್ತಾ ಸೋಮಯ್ಯ ತಲೆ ಬಗ್ಗಿಸಿಕೊಟ್ಟ, ಎಳೆಯಲು ಸುಲಭವಾಗಲಿ ಅಂತ ತಲೆ ಬಗ್ಗಿಸಿಕೊಟ್ಟ, ಕೈ ಮೇಲಕ್ಕೆ ಹೋಗುತ್ತಿದೆ, ತಲೆ ಬಗ್ಗಿಸಿಕೊಟ್ಟ, ತಲೆ ಬಗ್ಗಿಸಿ